ಹಳೇ ಡ್ರೈವರ್‌ನ ಲಾಕು: ಹೆಸರು ಬದಲಿಸಿದರೆ ಸಾಲದು

ಸರ್, ಲಿನಕ್ಸ್ 2.4 ಕರ್ನಲ್ ಕಾಲದ ಪಿಸಿಐ ಕಾರ್ಡಿನ ಡ್ರೈವರ್‌ನಲ್ಲಿ ಇಂಟರಪ್ಟ್ (ಕಾರ್ಡು ಪ್ರೊಸೆಸರನ್ನು ಕರೆಯುವ ಸೂಚನೆ) ತಡೆಯುವ ಸಿಎಲ್ಐ ಇದ್ದ ಕಡೆಯೆಲ್ಲ ಲೋಕಲ್_ಐಆರ್‌ಕ್ಯೂ_ಡಿಸೇಬಲ್ ಹಾಕಿದೆ, ಕಂಪೈಲ್ ಆಯಿತು, ಆದರೆ ಮಂಡ್ಯದ ವರ್ಕ್‌ಶಾಪಿನ ನಾಲ್ಕು ಕೋರಿನ ಮಷಿನ್‌ನಲ್ಲಿ ಬಫರ್ ಲೆಕ್ಕ ತಪ್ಪುತ್ತಿದೆ ಅಂತ ಕೇಳಿದ್ದೀರಿ. ತಪ್ಪಲೇಬೇಕು. ಹಳೇ ಸಿಎಲ್ಐ ಎಲ್ಲ ಕೋರಿನ ಇಂಟರಪ್ಟನ್ನೂ ತಡೆಯುತ್ತಿತ್ತು. ನೀವು ಹಾಕಿದ್ದು ತಾನಿರುವ ಕೋರನ್ನು ಮಾತ್ರ ತಡೆಯುತ್ತದೆ. ಪಕ್ಕದ ಕೋರಿನಲ್ಲಿ ಹ್ಯಾಂಡ್ಲರ್ (ಇಂಟರಪ್ಟ್ ಬಂದಾಗ ಓಡುವ ಫಂಕ್ಷನ್) ಅದೇ ಬಫರಿಗೆ ಕೈ ಹಾಕುತ್ತದೆ.

ಮೊದಲು ಕೋಡ್ ಮುಟ್ಟಬೇಡಿ. ಬಫರಿನ ಹೆಡ್, ಟೇಲ್, ಕೌಂಟ್, ಸ್ಟೇಟಸ್ ಇವನ್ನು ಯಾರ್‍ಯಾರು ಓದುತ್ತಾರೆ, ಬರೆಯುತ್ತಾರೆ ಅಂತ ಹಾಳೆ ಮೇಲೆ ಬರೆದುಕೊಳ್ಳಿ. ರೀಡ್, ಐಒಸಿಟಿಎಲ್ (ಪ್ರೋಗ್ರಾಮು ಕಾರ್ಡಿಗೆ ಆದೇಶ ಕೊಡುವ ಕರೆ) ಥರದವು ಮಾತ್ರ ಮುಟ್ಟಿದರೆ ಮ್ಯೂಟೆಕ್ಸ್ (ಕಾಯುವವರನ್ನು ಮಲಗಿಸುವ ಲಾಕು) ಸಾಕು. ಇಂಟರಪ್ಟ್ ಹ್ಯಾಂಡ್ಲರ್ ಕೂಡ ಮುಟ್ಟಿದರೆ ಸ್ಪಿನ್‌ಲಾಕ್ (ಮಲಗದೆ ಸುತ್ತುತ್ತಲೇ ಕಾಯುವ ಲಾಕು) ಬೇಕು: ಹೊರಗಡೆ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್, ಹ್ಯಾಂಡ್ಲರ್ ಒಳಗೆ ಬರೀ ಸ್ಪಿನ್_ಲಾಕ್. ಟೈಮರ್ ಅಥವಾ ಟಾಸ್ಕ್‌ಲೆಟ್ (ಇಂಟರಪ್ಟ್ ಮುಗಿದ ಮೇಲೆ ಓಡುವ ಚಿಕ್ಕ ಕೆಲಸ) ಮಾತ್ರ ಹಂಚಿಕೊಂಡರೆ ಸ್ಪಿನ್_ಲಾಕ್_ಬಿಎಚ್. ಐಆರ್‌ಕ್ಯೂಸೇವ್‌ಗೆ ಕೊಡುವ ಫ್ಲ್ಯಾಗ್ಸ್ ಅನ್‌ಸೈನ್ಡ್ ಲಾಂಗ್ ಆಗಿರಬೇಕು, ಫಂಕ್ಷನ್ ಒಳಗಿನ ವೇರಿಯಬಲ್ಲೇ ಆಗಿರಬೇಕು.

ಸ್ಪಿನ್‌ಲಾಕ್ ಹಿಡಿದಾಗ ನಿದ್ದೆ ಮಾಡುವ (ಕೋರು ಬಿಟ್ಟುಕೊಟ್ಟು ಕಾಯುವ) ಯಾವ ಕರೆಯೂ ಬರಬಾರದು: ಕಾಪಿ_ಟು_ಯೂಸರ್, ಜಿಎಫ್‌ಪಿ_ಕರ್ನಲ್ ಹಾಕಿದ ಕೆಮ್ಯಾಲಕ್, ಎಂಸ್ಲೀಪ್. ಲಾಕ್ ಒಳಗೆ ಡೇಟಾವನ್ನು ಚಿಕ್ಕ ಬಫರಿಗೆ ನಕಲಿಸಿ, ಲಾಕ್ ಬಿಟ್ಟ ಮೇಲೆ ಯೂಸರಿಗೆ ಕೊಡಿ.

ನಿಮ್ಮ ಕೋಡಿನಲ್ಲಿ ಇಡೀ ಕರ್ನಲ್‌ಗೆ ಒಂದೇ ಆಗಿದ್ದ ಲಾಕು ಹಿಡಿಯುವ ಲಾಕ್_ಕರ್ನಲ್ ಕೂಡ ಇದೆ, ಹೆಚ್ಚು ಜನ ಎಡವುವುದು ಇಲ್ಲೇ. ಆ ದೊಡ್ಡ ಲಾಕು 2.6.39ರಲ್ಲಿ, 2011ರಲ್ಲಿ, ಪೂರ್ತಿ ಹೋಯಿತು. ಅದನ್ನು ಹಿಡಿದವನೇ ಮತ್ತೆ ಹಿಡಿಯಬಹುದಿತ್ತು, ಮಲಗಿದರೆ ತಾನೇ ಬಿಟ್ಟುಕೊಳ್ಳುತ್ತಿತ್ತು. ಮ್ಯೂಟೆಕ್ಸಿಗೆ ಈ ಎರಡು ಗುಣವೂ ಇಲ್ಲ. ರೀಡ್ ಮ್ಯೂಟೆಕ್ಸ್ ಹಿಡಿದುಕೊಂಡೇ ಡೇಟಾಗೆ ಕಾದರೆ, ಸ್ಯಾಂಪ್ಲಿಂಗ್ (ಕಾರ್ಡು ಡೇಟಾ ಓದುವುದು) ಶುರು ಮಾಡಬೇಕಾದ ಐಒಸಿಟಿಎಲ್ ಅದೇ ಮ್ಯೂಟೆಕ್ಸಿಗೆ ಕಾಯುತ್ತದೆ, ಇಬ್ಬರೂ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಕಾಯುವ ಮುಂಚೆ ಬಿಡಿ, ಎದ್ದ ಮೇಲೆ ಹಿಡಿದು ಷರತ್ತನ್ನು ಇನ್ನೊಮ್ಮೆ ನೋಡಿ. ಅಷ್ಟರಲ್ಲಿ ಬೇರೆಯವರು ಡೇಟಾ ಒಯ್ದಿರಬಹುದು.

ಹಾಗೆ ಮಲಗಿ ಕಾಯಲು ಬಳಸುತ್ತಿದ್ದ ಇಂಟರಪ್ಟಿಬಲ್_ಸ್ಲೀಪ್_ಆನ್ ಕರ್ನಲ್ 3.15ರಿಂದ ಇಲ್ಲ. ಷರತ್ತು ನೋಡುವುದಕ್ಕೂ ಮಲಗುವುದಕ್ಕೂ ನಡುವೆ ಇಂಟರಪ್ಟ್ ಬಂದರೆ ಎಬ್ಬಿಸುವ ಕರೆ ತಪ್ಪಿಹೋಗುತ್ತಿತ್ತು. ವೇಟ್_ಇವೆಂಟ್_ಇಂಟರಪ್ಟಿಬಲ್ ಬಳಸಿ, ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಮೈನಸ್ ಇಆರ್‌ಇಸ್ಟಾರ್ಟ್‌ಸಿಸ್ ಹಿಂದಿರುಗಿಸಿ.

ಐಒಸಿಟಿಎಲ್ ಬದಲು ಅನ್‌ಲಾಕ್ಡ್_ಐಒಸಿಟಿಎಲ್ ಬರಬೇಕು: ಐನೋಡ್ ಆರ್ಗ್ಯುಮೆಂಟ್ ತೆಗೆಯಿರಿ, ರಿಟರ್ನ್ ಲಾಂಗ್ ಮಾಡಿ. ಇನಿಟ್_ಮ್ಯೂಟೆಕ್ಸ್‌ನಲ್ಲಿ ಮ್ಯೂಟೆಕ್ಸ್ ಎಂಬುದು ಕ್ಯಾಪಿಟಲ್ ಅಕ್ಷರದಲ್ಲಿದ್ದರೆ ಅದು ಸೆಮಾಫೋರ್ (ಎಣಿಕೆ ಇಟ್ಟು ಒಳಗೆ ಬಿಡುವ ಬೇರೆ ಥರದ ಲಾಕು), ಹೆಸರು ನೋಡಿ ಮೋಸಹೋಗಬೇಡಿ. ಸೆಮಾ_ಇನಿಟ್ ಒಂದು ಎಂದು ಬರೆಯಿರಿ.

ಕಾರ್ಡನ್ನು ದಿನದ ಕೆಲಸಕ್ಕೆ ಉಪಯೋಗಿಸುವ ಮಷಿನ್‌ನಲ್ಲಿ ಪ್ರಯೋಗ ಬೇಡ. ಬೇರೆ ಮಷಿನ್‌ನಲ್ಲಿ ಪ್ರೂವ್_ಲಾಕಿಂಗ್, ಡೀಬಗ್_ಅಟಾಮಿಕ್_ಸ್ಲೀಪ್ ಎಂಬ ಲಾಕಿನ ತಪ್ಪು ಹಿಡಿಯುವ ಎರಡು ಆಯ್ಕೆಗಳನ್ನೂ ಹಾಕಿ ಕರ್ನಲ್ ಕಟ್ಟಿ, ಎರಡು ಪ್ರೋಗ್ರಾಮಿನಿಂದ ಒಟ್ಟಿಗೆ ರೀಡ್, ಐಒಸಿಟಿಎಲ್ ಓಡಿಸಿ, ನಡುವೆ ಡ್ರೈವರ್ ಮಾಡ್ಯೂಲನ್ನು ತೆಗೆದು ಮತ್ತೆ ಸೇರಿಸಿ. ಕರ್ನಲ್ ಸಂದೇಶ ತೋರಿಸುವ ಡಿಮೆಸ್ಗ್‌ನಲ್ಲಿ ಎಚ್ಚರಿಕೆ ಬಂದರೆ ಅದರ ಪೂರ್ತಿ ಬರಹ ಇಲ್ಲೇ ಅಂಟಿಸಿ, ನೋಡೋಣ.