ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ

ಪತ್ರ: ನಾನು ನಿವೃತ್ತ ಶಿಕ್ಷಕಿ. ಬಹಳ ವರ್ಷಗಳಿಂದ ಥೈರಾಯ್ಡ್ ಗುಳಿಗೆ ನುಂಗುತ್ತಿದ್ದೇನೆ. ಮೊಣಕಾಲು ನೋವೆಂದು ಮಗ ಪುಣೆಯಿಂದ ಕ್ಯಾಲ್ಸಿಯಂ ಕಳಿಸಿದ. ಮರೆಯಬಾರದೆಂದು ಎರಡನ್ನೂ ಬೆಳಿಗ್ಗೆ ಒಟ್ಟಿಗೆ ನುಂಗುತ್ತೇನೆ. ಅದು ಔಷಧಿಯಲ್ಲವಲ್ಲ, ಡಾಕ್ಟರಿಗೆ ಹೇಳಿಲ್ಲ. ಎರಡು ಸಲ ಡೋಸ್ ಏರಿಸಿದರೂ ಸುಸ್ತು ಹೋಗಿಲ್ಲ. ಯಾಕಿರಬಹುದು?
– ಓದುಗರೊಬ್ಬರು, ಸೇಡಂ

ಉತ್ತರ: ಅಕ್ಕೋರೇ, ಜೀವನವಿಡೀ ವೇಳಾಪಟ್ಟಿ ಹಾಕಿದವರು ಇಲ್ಲಿ ಎರಡು ಪಿರಿಯಡ್ ಒಟ್ಟಿಗೆ ಕೂಡಿಸಿಬಿಟ್ಟಿದ್ದೀರಿ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆಯನ್ನು ಹಿಡಿದುಕೊಂಡು ಪೂರ್ತಿ ರಕ್ತಕ್ಕೆ ಸೇರಗೊಡುವುದಿಲ್ಲ. ಕಬ್ಬಿಣದ ಗುಳಿಗೆಯದೂ ಅದೇ ಗುಣ. ನಡುವೆ ನಾಲ್ಕು ಗಂಟೆಯಾದರೂ ಬೇಕು. ಹಾಗೆಂದು ನಾಳೆಯೇ ಹೊತ್ತು ಬದಲಿಸಬೇಡಿ. ಏರಿಸಿದ ಡೋಸ್ ಪೂರ್ತಿ ರಕ್ತಕ್ಕಿಳಿದರೆ ಎದೆ ಡವಡವ ಎಂದೀತು. ಮೊದಲು ಡಾಕ್ಟರಿಗೆ ಹೇಳಿ. ಬದಲಿಸಿದ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

'ಔಷಧಿಯಲ್ಲವಲ್ಲ' ಎಂಬ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ನನ್ನ ನಾದಿನಿ ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದಳು. ದಿನಕ್ಕೆ 30 ಮೈಕ್ರೋಗ್ರಾಂ ಸಾಕಾಗುವಲ್ಲಿ ಒಂದೊಂದು ಗುಳಿಗೆಯಲ್ಲಿ 10,000! ಅವಳ ಟಿಎಸ್‌ಎಚ್ ಪಾತಾಳಕ್ಕಿಳಿಯಿತು, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಎಂಬಂತೆ. ಇಳಿದದ್ದು ಕಾಗದದಲ್ಲಿ ಮಾತ್ರ: ಬಯೋಟಿನ್ ಕೆಲವು ಯಂತ್ರಗಳ ಲೆಕ್ಕವನ್ನೇ ಕೆಡಿಸುತ್ತದೆ. ಎರಡು ದಿನ ಆ ಗುಳಿಗೆ ನಿಲ್ಲಿಸಿ ಮತ್ತೆ ರಕ್ತ ಕೊಟ್ಟಾಗ ಅಂಕಿ ಸರಿಯಾಯಿತು. ಹೃದಯಾಘಾತದ ಟ್ರೋಪೊನಿನ್ ಪರೀಕ್ಷೆಯೂ ಹೀಗೆ ಸುಳ್ಳು ಹೇಳಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2017ರಲ್ಲೇ ಎಚ್ಚರಿಸಿದ್ದರು. ನಿಮ್ಮ ಕ್ಯಾಲ್ಸಿಯಂ ಇದ್ದ ಮದ್ದನ್ನು ತಡೆಯಿತು, ಅವಳದು ಇಲ್ಲದ ರೋಗವನ್ನು ತೋರಿಸಿತು.

ಇಂಥ ಪೂರಕ ಗುಳಿಗೆಗಳೆಲ್ಲ ವ್ಯರ್ಥವಲ್ಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರಲ್ಲಿ ಬಿ12 ವಿಟಮಿನ್ ಕಡಿಮೆಯಾಗುವುದುಂಟು, ಅಂಥವರಿಗೆ ಬೇಕು. ಒಪ್ಪಿದೆ.

ಆದರೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ಯುವ ನಾಡಿನವರು ನಾವು. ನೂರು ಗ್ರಾಂ ಎಳ್ಳಿನಲ್ಲಿ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹಬ್ಬಕ್ಕೊಂದೇ ಏಕೆ? (ರೊಟ್ಟಿಗೆ ಹತ್ತುವುದು ಒಂದು ಚಮಚ, ನೂರು ಗ್ರಾಂ ಅಲ್ಲ ಎಂದು ನನ್ನ ಹೆಂಡತಿ ಪಕ್ಕದಿಂದ ತಿದ್ದುತ್ತಿದ್ದಾಳೆ.)

ಇನ್ನು ಆ ಡಬ್ಬಿಯ ಮೇಲಿನ ಬರಹ. ಇಂಥವು ಬಹುಪಾಲು ಆಹಾರದ ಕಾಯ್ದೆಯಡಿ ಮಾರಾಟವಾಗುತ್ತವೆ. ಆ ನಿಯಮಕ್ಕೆ ಇಂಗ್ಲಿಷ್ ಅಥವಾ ಹಿಂದಿ ಇದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಕಲಬುರಗಿಯ ಅಂಗಡಿಯೊಂದರಲ್ಲಿ ಭೂತಗನ್ನಡಿ ಹಿಡಿದು ಓದಲು ಹೋದ ನನಗೆ ಅಂಗಡಿಯವನು 'ಬರೀ ವಿಟಮಿನ್ ಸರ್, ಓದುವಂಥದ್ದೇನೂ ಇಲ್ಲ' ಎಂದ. ಚಿಂಚೋಳಿಯ ಅಜ್ಜಿ ಏನು ಓದಬೇಕು? ಎರಡು ನಿಮಿಷಕ್ಕೊಬ್ಬ ರೋಗಿಯನ್ನು ನೋಡುವ ಡಾಕ್ಟರು 'ಬೇರೇನು ನುಂಗುತ್ತೀರಿ' ಎಂದು ಕೇಳುವುದು ಯಾವಾಗ?

ಅವರು ಕೇಳದಿದ್ದರೂ, ಈ ಸಲ ಹೋಗುವಾಗ ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸಾಲಾಗಿ ಇಡಿ. ಈ ಪುಟವನ್ನು ಮಗನಿಗೂ ಕಳಿಸಿ.