ಕ್ಯಾನ್ವಾಸು, ಎಣ್ಣೆ ಮತ್ತು ಮಳೆಗಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿ.ಎಸ್. ಗಾಯತೊಂಡೆ ಅವರ ಅಮೂರ್ತ ಚಿತ್ರಗಳ ಹಾಗೆ ರೋಲರ್‌ನಲ್ಲಿ ಪದರದ ಮೇಲೆ ಪದರ ಬಳಿದು ತೈಲವರ್ಣ ಚಿತ್ರ ಮಾಡುತ್ತಿದ್ದೇನೆ. ಜೂನ್‌ನಲ್ಲಿ ಹಚ್ಚಿದ ಕಪ್ಪು ಸುಕ್ಕುಗಟ್ಟಿದೆ. ಕಪ್ಪಿನ ಮೇಲೆ ಅಂಬರ್ (ಕಂದು ಮಣ್ಣಿನ ಬಣ್ಣ) ಹಾಕಿದ ಮೂಲೆ ಬಿರುಕು ಬಿಟ್ಟಿದೆ. ಬಣ್ಣವೇ ಕಳಪೆಯೇ? (ಕಾರವಾರ)

ಉತ್ತರ: ಬಣ್ಣದ ತಪ್ಪಲ್ಲ, ಎಣ್ಣೆಯ ಲೆಕ್ಕ ತಪ್ಪಿದೆ. ತೈಲವರ್ಣ ನೀರಿನ ಹಾಗೆ ಆರುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ದಪ್ಪಗೆ ಬಳಿದರೆ ಮೇಲೆ ಹಾಲಿಗೆ ಬಂದ ಹಾಗೆ ಕೆನೆ ಕಟ್ಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಆ ಕೆನೆ ಹಿಗ್ಗಿ ಸುಕ್ಕಾಗುತ್ತದೆ. ಐವರಿ ಬ್ಲ್ಯಾಕ್ ಎಣ್ಣೆ ಜಾಸ್ತಿ ಕುಡಿಯುವ, ತೀರಾ ತಡವಾಗಿ ಒಣಗುವ ಬಣ್ಣ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಬಿಗಿಯುತ್ತದೆ. ಕೆಳಗಿನದು ಇನ್ನೂ ಅಲುಗಾಡುತ್ತಿರುವಾಗ ಮೇಲಿನದು ಗಟ್ಟಿಯಾದರೆ ಸೀಳದೆ ಇನ್ನೇನಾದೀತು?

ಸುಕ್ಕಾದ ಭಾಗವನ್ನು ಚಿತ್ರದ ಚಾಕುವಿನಿಂದ ಕೆರೆದು ತೆಗೆಯಿರಿ. ಅದರ ಮೇಲೆಯೇ ಬಳಿದು ಮುಚ್ಚಬೇಡಿ. ಮುಂದೆ ಮೊದಲ ಪದರಕ್ಕೆ ಬರೀ ಟರ್ಪೆಂಟೈನ್, ಎರಡನೆಯದಕ್ಕೆ ಮೂರು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಅಗಸೆ ಎಣ್ಣೆ, ಮೂರನೆಯದಕ್ಕೆ ಸಮಪಾಲು. ಕೆಳಗೆ ತೆಳು, ಮೇಲೆ ಜಿಡ್ಡು: ಈ ಕ್ರಮ ತಿರುವುಮುರುವು ಆಗಬಾರದು. ಮಳೆಗೆ ಕಿಟಕಿ ಮುಚ್ಚಿ ಕತ್ತಲೆ ಕೋಣೆಯಲ್ಲಿಟ್ಟರೆ ಒಣಗುವುದು ಇನ್ನೂ ತಡ, ಎಣ್ಣೆಯೂ ಹಳದಿಯಾಗುತ್ತದೆ. ಬೆಳಕಿರುವ ಕೋಣೆಯಲ್ಲಿಟ್ಟು ಗಾಳಿ ಆಡಲು ಬಿಡಿ. ವಾರ್ನಿಷ್‌ಗೆ ಕಡಿಮೆಯೆಂದರೆ ಆರು ತಿಂಗಳು ಕಾಯಬೇಕು, ದಪ್ಪ ಬಣ್ಣಕ್ಕೆ ವರ್ಷ.

ಗಾಯತೊಂಡೆ (1924–2001) ಅವರ ಚಿತ್ರದಲ್ಲಿ ಆಳ ಕಾಣುವುದು ದಪ್ಪ ಬಣ್ಣದಿಂದಲ್ಲ. ಬಣ್ಣ ತೆಳುವಾಗಿ ಹಾಸಿ, ರೋಲರ್ ಮತ್ತು ಚಾಕುವಿನಿಂದ ಎಳೆದು, ಕೆಲವೆಡೆ ಹಸಿಬಣ್ಣಕ್ಕೆ ಕಾಗದದ ತುಂಡು ಒತ್ತಿ ಎತ್ತುತ್ತಿದ್ದರು. ಹಾಕಿದ್ದಕ್ಕಿಂತ ತೆಗೆದದ್ದರಲ್ಲೇ ಅವರ ಕೈ ಕಾಣುತ್ತದೆ. ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರ ಮಾಡುತ್ತಿದ್ದ ಈ ಗೋವಾ ಮೂಲದ ಕಲಾವಿದ ‘ಅಮೂರ್ತ’ ಎಂಬ ಹೆಸರನ್ನು ಒಪ್ಪದೆ, ತಮ್ಮದು ‘ನಾನ್-ಆಬ್ಜೆಕ್ಟಿವ್’, ಅಂದರೆ ಯಾವ ವಸ್ತುವನ್ನೂ ತೋರಿಸದ ಚಿತ್ರ, ಅನ್ನುತ್ತಿದ್ದರು. ಹಾಗಾಗಿ ಅದರಲ್ಲಿ ಕಡಲು, ದೋಣಿ ಹುಡುಕುತ್ತ ಕೂರುವುದು ಬೇಡ. ಒಂದು ಬಣ್ಣ ಎಲ್ಲಿ ತೆಳುವಾಗಿ ಕೆಳಗಿನದನ್ನು ಬಿಟ್ಟುಕೊಡುತ್ತದೆ ಎಂದು ಹತ್ತಿರದಿಂದ ನೋಡಿ.

ಪ್ರಶ್ನೆ: ಗೋಡೆಯ ಮೇಲಿನ ಹಳೆಯ ತೈಲಚಿತ್ರಕ್ಕೆ ಬೂಷ್ಟು ಬಂದಿದೆ. ಒದ್ದೆ ಬಟ್ಟೆಯಲ್ಲಿ ಒರೆಸಬಹುದೇ? (ಶಿರಸಿ)

ಉತ್ತರ: ಖಂಡಿತ ಬೇಡ. ಒದ್ದೆ ಬಟ್ಟೆ ಬೂಷ್ಟನ್ನು ಹರಡಿ, ಬಿರುಕಿನೊಳಗೆ ನೀರಿಳಿಸುತ್ತದೆ. ಬ್ಲೀಚ್, ಡೆಟಾಲ್ ಕೂಡ ಹಚ್ಚಬಾರದು. ಉಳಿದ ಚಿತ್ರಗಳಿಂದ ದೂರವಿಟ್ಟು, ನೆರಳಿನಲ್ಲಿ ಫ್ಯಾನು ಹಾಕಿ ಕೆಲವು ದಿನ ಒಣಗಿಸಿ, ಬಿಸಿಲಿಗೆ ಇಡಬೇಡಿ. ಬೂಷ್ಟು ಪುಡಿಯಾದ ಮೇಲೆ ಮೂಗಿಗೆ ಮಾಸ್ಕ್ ಹಾಕಿ, ಜಗುಲಿಯಲ್ಲಿ ಮೆತ್ತನೆಯ ಕುಂಚದಿಂದ ಮುಂಬದಿ, ಹಿಂಬದಿ ಎರಡನ್ನೂ ಉದುರಿಸಿ. ಬಣ್ಣದ ಚಕ್ಕೆ ಏಳುತ್ತಿದ್ದರೆ ಮಾತ್ರ ಕುಂಚವನ್ನೂ ತಾಗಿಸದೆ ಸಂರಕ್ಷಣೆಯ ಕೆಲಸ ಬಲ್ಲವರಿಗೆ ತೋರಿಸಿ. ಮಳೆ ಹೊಡೆಯುವ ಚಿರೆಕಲ್ಲಿನ ಹೊರಗೋಡೆಗೆ ಚಿತ್ರ ತೂಗಬಾರದು. ಒಳಗೋಡೆಯಲ್ಲೂ ಚೌಕಟ್ಟಿನ ಕೆಳಮೂಲೆಗಳಿಗೆ ಒಂದು ಸೆಂಟಿಮೀಟರ್ ದಪ್ಪದ ಕಾರ್ಕ್ ತುಂಡು ಅಂಟಿಸಿದರೆ ಹಿಂದೆ ಗಾಳಿ ಓಡಾಡುತ್ತದೆ. ಕ್ಯಾನ್ವಾಸು ಜೋಲಿದ್ದರೆ ಮಳೆಗಾಲದಲ್ಲೇ ಮೂಲೆಯ ಬೆಣೆ ಬಡಿದು ಬಿಗಿ ಮಾಡಬೇಡಿ. ಬೇಸಗೆಯಲ್ಲಿ ಅದು ತಾನೇ ಬಿಗಿಯಾಗಿ ಬಣ್ಣವನ್ನು ಎಳೆಯುತ್ತದೆ.