ಗ್ರೀಸ್ ಮುಗಿಯಿತೋ, ಪೊರೆ ಊದಿತೋ?

ಕೀಲುನೋವಿನ ಬಗ್ಗೆ ಬಂದ ಪತ್ರಗಳಿಗೆ ಸಂಧಿವಾತ ತಜ್ಞರ ಉತ್ತರ

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. ಮೂರು ತಿಂಗಳಿಂದ ಎರಡೂ ಕೈಗಳಲ್ಲಿ ಬೆರಳ ಬುಡದ ಗೆಣ್ಣುಗಳು ಊದಿವೆ. ಬೆಳಗ್ಗೆ ಎದ್ದಾಗ ಕಾಫಿ ಫಿಲ್ಟರ್ ಬಿಚ್ಚುವುದಕ್ಕೂ ಆಗುವುದಿಲ್ಲ, ಕೈ ಸಡಿಲವಾಗಲು ಒಂದೂವರೆ ಗಂಟೆ ಬೇಕು. ಎಕ್ಸ್‌ರೇ ಸರಿಯಿದೆ, ರುಮಟಾಯ್ಡ್ ಸಂಧಿವಾತಕ್ಕೆಂದು ಮಾಡಿಸಿದ ರಕ್ತಪರೀಕ್ಷೆ, ಆರ್‌ಎ ಫ್ಯಾಕ್ಟರ್, ನೆಗೆಟಿವ್. ‘ವಯಸ್ಸಾಯ್ತು, ಗ್ರೀಸ್ ಮುಗೀತು’ ಅಂತಾರೆ ಮನೆಯಲ್ಲಿ. ಹೌದೇ?
ಓದುಗರು, ಬಸವನಗುಡಿ

ಉತ್ತರ: ಮುಗಿಯುವ ಮಾತು ಹಾಗಿರಲಿ, ನಿಮ್ಮ ಕೀಲುಗಳಲ್ಲಿ ಆ ಗ್ರೀಸ್ ಈಗ ಬೇಕಾದ್ದಕ್ಕಿಂತ ಹೆಚ್ಚೇ ಇರಬಹುದು. ಕೆಟ್ಟಿರುವುದು ಅದರ ಗುಣ.

ಕೀಲಿನಲ್ಲಿ ಮೂಳೆಗಳ ತುದಿಗೆ ಕಾರ್ಟಿಲೇಜಿನ ನುಣುಪು ಹೊದಿಕೆ ಇರುತ್ತದೆ. ಕೀಲನ್ನು ಸುತ್ತಿದ ಚೀಲದ ಒಳಮೈಗೆ ಅಸ್ತರಿನಂತೆ ಅಂಟಿಕೊಂಡದ್ದು ಸೈನೋವಿಯಲ್ ಪೊರೆ. ಅದು ಕಾರ್ಟಿಲೇಜಿನ ಮೇಲೆ ಹಬ್ಬುವುದಿಲ್ಲ, ಅಂಚಿನಲ್ಲೇ ನಿಲ್ಲುತ್ತದೆ. ಇದರ ಮೇಲ್ಪದರ ಒಂದರಿಂದ ನಾಲ್ಕು ಜೀವಕೋಶಗಳಷ್ಟೇ ದಪ್ಪ. ಅಲ್ಲಿರುವ ಕೋಶಗಳಲ್ಲಿ ಕೆಲವು ಕಸ ಗುಡಿಸುತ್ತವೆ. ಉಳಿದವು ಹಯಲುರೋನಿಕ್ ಆಮ್ಲ, ಲೂಬ್ರಿಸಿನ್ ಎಂಬ ಜಾರುಕಗಳನ್ನು ತಯಾರಿಸುತ್ತವೆ. ಮೊಟ್ಟೆಯ ಬಿಳಿಯಂತೆ ಲೋಳೆಯಾದ ಆ ದ್ರವವೇ ಜನ ಹೇಳುವ ಗ್ರೀಸ್. ಕಾರ್ಟಿಲೇಜಿಗೆ ರಕ್ತನಾಳಗಳಿಲ್ಲ, ಅದರ ಊಟವೂ ಬಹುಪಾಲು ಇದರಿಂದಲೇ.

ನಿಮ್ಮ ಲಕ್ಷಣ ನೋಡಿದರೆ ಅನುಮಾನ ಬರುವುದು ರುಮಟಾಯ್ಡ್ ಸಂಧಿವಾತದ ಮೇಲೆ. ಇದರಲ್ಲಿ ದೇಹದ ರಕ್ಷಣಾ ಪಡೆ ಈ ಪೊರೆಯ ಮೇಲೇ ತಿರುಗಿ ಬೀಳುತ್ತದೆ. ಪೊರೆ ದಪ್ಪವಾಗುತ್ತದೆ, ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ, ಅಂಚು ದಾಟಿ ಕಾರ್ಟಿಲೇಜಿನ ಮೇಲೆ ಕಳೆಯಂತೆ ತೆವಳುತ್ತದೆ. ಪ್ಯಾನಸ್ ಅನ್ನುವುದು ಇದಕ್ಕೇ. ಮೂಳೆ ಮೊದಲು ಕೊರೆದುಹೋಗುವುದೂ ಆ ಅಂಚಿನಲ್ಲೇ, ಏಕೆಂದರೆ ಅಲ್ಲಿ ಕಾರ್ಟಿಲೇಜಿನ ರಕ್ಷಣೆ ಇಲ್ಲ. ಕೊರೆತ ಶುರುವಾಗುವ ತನಕ ಎಕ್ಸ್‌ರೇ ಹೆಚ್ಚೇನೂ ಹೇಳುವುದಿಲ್ಲ. ಹಾಗಾಗಿ ಮೂರು ತಿಂಗಳ ಎಕ್ಸ್‌ರೇ ಸರಿಯಿದೆ ಎಂದು ಸಮಾಧಾನಪಡುವಂತಿಲ್ಲ. ಪವರ್ ಡಾಪ್ಲರ್ ಇರುವ ಅಲ್ಟ್ರಾಸೌಂಡ್‌ನಲ್ಲಿ ಊದಿದ ಪೊರೆಯೂ ಅದರಲ್ಲಿ ಹರಿಯುವ ರಕ್ತವೂ ಈಗಲೇ ಕಾಣುತ್ತದೆ.

ರುಮಟಾಯ್ಡ್ ಇರುವವರಲ್ಲಿ ನೂರಕ್ಕೆ 20ರಿಂದ 30 ಜನರಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬರುತ್ತದೆ. ಇದೇ ರೋಗದ ಇನ್ನೊಂದು ರಕ್ತಪರೀಕ್ಷೆ ಆಂಟಿ-ಸಿಸಿಪಿ, ಉರಿಯೂತ ಎಷ್ಟಿದೆ ಎಂದು ತೋರಿಸುವ ಇಎಸ್‌ಆರ್, ಸಿಆರ್‌ಪಿ ಮಾಡಿಸಿ. ಇತ್ತೀಚೆಗೆ ಜ್ವರ ಬಂದಿದ್ದರೆ ಮರೆಯದೆ ಹೇಳಿ: ಚಿಕೂನ್‌ಗುನ್ಯಾ ಕೂಡ ಇದೇ ಪೊರೆಯನ್ನು ತಿಂಗಳುಗಟ್ಟಲೆ ಊದಿಸಿಡಬಲ್ಲದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕೈ ಕುಲುಕುವಂತೆ ಹಿಡಿದು, ಬೆರಳ ಬುಡದ ನಾಲ್ಕೂ ಗೆಣ್ಣುಗಳನ್ನು ಎರಡೂ ಪಕ್ಕದಿಂದ ಒಟ್ಟಿಗೆ ಹಿಸುಕಲು ಮನೆಯವರಿಗೆ ಹೇಳಿ. ಚುರ್ ಎಂದರೆ ಪೊರೆಯ ಮೇಲೆ ಅನುಮಾನ ಹೆಚ್ಚು. ಹೆಬ್ಬೆರಳಿಂದ ಒತ್ತಿದಾಗ ಊತ ಅರ್ಧ ಗಾಳಿಯ ಬಲೂನಿನಂತೆ ಮೆತ್ತಗಿದ್ದರೂ ಅಷ್ಟೇ. ವಯಸ್ಸಿನ ಸವೆತದ ಗಂಟು ಮೂಳೆಯಷ್ಟೇ ಗಟ್ಟಿ, ಸಾಮಾನ್ಯವಾಗಿ ಉಗುರಿನ ಹತ್ತಿರದ ಗೆಣ್ಣಿನಲ್ಲಿ ಬರುತ್ತದೆ, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ನಿಮ್ಮದು ಒಂದೂವರೆ ಗಂಟೆ. ಈ ವಾರವೇ ರುಮಟಾಲಜಿಸ್ಟ್, ಅಂದರೆ ಸಂಧಿವಾತ ತಜ್ಞರ ಹತ್ತಿರ ಹೋಗಿ. ಅಲ್ಲಿಯವರೆಗೆ ಮೆಡಿಕಲ್ ಸ್ಟೋರಿನವರು ಕೊಟ್ಟ ಸ್ಟೆರಾಯ್ಡ್ ನುಂಗಬೇಡಿ. ಊತ ಇಳಿಯುತ್ತದೆ, ರೋಗದ ಗುರುತೂ ಮುಚ್ಚಿಹೋಗುತ್ತದೆ.

ಪ್ರಶ್ನೆ: ಅತ್ತೆಯವರ ಮಂಡಿಯಿಂದ ಎರಡು ಸಲ ನೀರು ತೆಗೆಸಿದೆವು, ಒಮ್ಮೆ 40 ಎಂಎಲ್. ಮತ್ತೆ ತುಂಬಿಕೊಂಡಿದೆ. ‘ಗ್ರೀಸೇ ತೆಗೆದುಬಿಟ್ರಲ್ಲ’ ಎನ್ನುತ್ತಾರೆ ಪಕ್ಕದ ಮನೆಯವರು.
ಓದುಗರು, ಯಲಹಂಕ

ಉತ್ತರ: ಆರೋಗ್ಯವಂತ ಮಂಡಿಯಲ್ಲಿ ಇರುವುದೇ 3-4 ಎಂಎಲ್. ನಲವತ್ತು ತೆಗೆದರೆಂದರೆ ಊದಿದ ಪೊರೆ ಸೋರಿಸಿದ ನೀರನ್ನು ತೆಗೆದರು, ಅಷ್ಟೇ. ತೆಗೆದಿದ್ದು ತಪ್ಪಲ್ಲ. ಆ ನೀರನ್ನು ಲ್ಯಾಬಿಗೆ ಕಳಿಸದೆ ಚೆಲ್ಲಿದ್ದರೆ ಅದು ತಪ್ಪು. ಸಿರಿಂಜಿನ ಹಿಂದೆ ಪತ್ರಿಕೆ ಹಿಡಿದಾಗ ಅಕ್ಷರ ಓದುವಂತಿದ್ದರೆ ಬಹುಮಟ್ಟಿಗೆ ಸವೆತದ ನೀರು. ಮಬ್ಬಾಗಿ, ಎಳೆ ಬಾರದೆ ತೊಟ್ಟಿಕ್ಕಿದರೆ ಉರಿಯೂತದ್ದು. ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 2,000 ದಾಟಿದರೆ ಉರಿಯೂತ. 50,000 ದಾಟಿದರೆ ಕೀವಿನ ಸೋಂಕೇ ಇರಬಹುದೆಂದು ನೋಡಬೇಕು. ಕಡಿಮೆ ಬಂದ ಮಾತ್ರಕ್ಕೆ ಸೋಂಕಿಲ್ಲ ಎನ್ನುವಂತಿಲ್ಲ, ಅದಕ್ಕೆ ಕಲ್ಚರ್, ಅಂದರೆ ಆ ನೀರಿನಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ, ಬೇಕು. ಸೂಜಿಯಂಥ ಯೂರಿಕ್ ಆಮ್ಲದ ಹರಳು ಸಿಕ್ಕರೆ ಅದು ಗೌಟ್. ಕಾರಣಕ್ಕೆ ಔಷಧಿ ಬೀಳದಿದ್ದರೆ ನೀರು ಮತ್ತೆ ಮತ್ತೆ ತುಂಬುತ್ತದೆ. ಜ್ವರದ ಜೊತೆ ಒಂದೇ ಮಂಡಿ ಕೆಂಪಾಗಿ ಬಿಸಿಯಾದರೆ ನಾಳೆಗೆ ಇಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೀವು ಕೆಲವೇ ದಿನಗಳಲ್ಲಿ ಕಾರ್ಟಿಲೇಜನ್ನು ತಿಂದುಹಾಕುತ್ತದೆ.

ಪ್ರಶ್ನೆ: ಕಾಲು ಸೂಪ್ ಕುಡಿದರೆ ಗ್ರೀಸ್ ಕೂಡುತ್ತದೆಯೇ?
ಓದುಗರು, ಶಿವಾಜಿನಗರ

ಉತ್ತರ: ಇಲ್ಲ. ಹೊಟ್ಟೆಯಲ್ಲಿ ಅದು ಬೇರೆ ಯಾವುದೇ ಪ್ರೋಟೀನಿನಂತೆ ಜೀರ್ಣವಾಗುತ್ತದೆ. ರುಚಿಗೆ ಕುಡಿಯಿರಿ, ಗೌಟ್ ಇದ್ದರೆ ಅದೂ ಬೇಡ.

ಪ್ರಶ್ನೆ: ತಂದೆಗೆ ರುಮಟಾಯ್ಡ್ ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ಮೂರು ವಾರವಾದರೂ ಗುಣ ಕಾಣುತ್ತಿಲ್ಲ. ದಿನಾ ಕೊಡಬಹುದೇ?
ಓದುಗರು, ರಾಜಾಜಿನಗರ

ಉತ್ತರ: ಖಂಡಿತ ಬೇಡ! ಇದು ವಾರಕ್ಕೆ ಒಂದೇ ದಿನದ ಔಷಧಿ. ದಿನಾ ನುಂಗಿದರೆ ಅಸ್ಥಿಮಜ್ಜೆ ಕುಸಿದು ಪ್ರಾಣಕ್ಕೇ ಕುತ್ತು ಬರುತ್ತದೆ. ಪೊರೆಯ ಉರಿ ಇಳಿಯಲು 6ರಿಂದ 12 ವಾರ ಹಿಡಿಯುತ್ತದೆ, ಕಾಯಿರಿ. ವಾರದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಬರೆದಿಡಿ, ಫೋಲಿಕ್ ಆಸಿಡನ್ನು ಬೇರೆ ದಿನಕ್ಕೆ ಇಡಿ. ಮರೆತರೆ ಎರಡು ದಿನದೊಳಗೆ ಕೊಡಬಹುದು; ದಾಟಿದರೆ ಆ ವಾರ ಬಿಟ್ಟುಬಿಡಿ, ಮುಂದಿನ ವಾರ ಎರಡರಷ್ಟು ಕೊಡಬೇಡಿ. ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿ ಪರೀಕ್ಷೆಗಳನ್ನು ವೈದ್ಯರು ಹೇಳಿದ ದಿನಕ್ಕೆ ಮಾಡಿಸಿ. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರುಗಟ್ಟುವಿಕೆ ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಉರಿಮೂತ್ರಕ್ಕೆಂದು ಬೇರೆ ವೈದ್ಯರು ಕೋ-ಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಬರೆದರೆ, ಈ ಮಾತ್ರೆ ನಡೆಯುತ್ತಿದೆ ಎಂದು ಮೊದಲೇ ಹೇಳಿ. ಇವೆರಡೂ ಜೊತೆಗೆ ಹೋಗಕೂಡದು.